128ನೇ ಲಾಟಿಗೆ ಕೈಕೊಡುವ ==

ಶಿರಸಿಯ ಅಡಿಕೆ ವಖಾರಿಯಲ್ಲಿ ಎರಡು ಚೀಲ ಅಕ್ಕಪಕ್ಕ ಇವೆ ಅಂದುಕೊಳ್ಳಿ. ಎರಡೂ ರಾಶಿ ಅನ್ನುವ ಬಗೆಯ ಅಡಿಕೆ, ಎರಡೂ 65 ಕೆ.ಜಿ. ಎರಡೂ ಒಂದೇನಾ? ದರ ಹಾಕುವವರಿಗೆ ಒಂದೇ. ಬೆಳೆಗಾರರಿಗೆ ಅಲ್ಲವೇ ಅಲ್ಲ, ದುಡ್ಡು ಬೇರೆ ಬೇರೆ ಖಾತೆಗೆ ಹೋಗಬೇಕು. ಜಾವಾ ಪ್ರೋಗ್ರಾಮಿನಲ್ಲಿ, ಎರಡು ಆಬ್ಜೆಕ್ಟ್ ಒಂದೇನಾ ಎಂದು ಹೇಳುವ ಈಕ್ವಲ್ಸ್ ಮೆಥಡ್ ಬರೆಯುವ ಮೊದಲು ತೀರ್ಮಾನ ಆಗಬೇಕಾದದ್ದು ಇದು. ಆದರೆ ಎಡಿಟರ್‌ನಲ್ಲಿ ಜನರೇಟ್ ಒತ್ತಿ, ಎಲ್ಲ ಫೀಲ್ಡಿಗೂ ಟಿಕ್ ಹಾಕಿ ಮುಂದೆ ಹೋಗುವವರೇ ಜಾಸ್ತಿ.

ಹಾಗೆ ಮಾಡಿದರೆ ಏನಾಗುತ್ತದೆ ನೋಡಿ. ತೂಕವೂ ಹ್ಯಾಶ್‌ಕೋಡ್‌ಗೆ, ಅಂದರೆ ಫೀಲ್ಡುಗಳಿಂದ ಲೆಕ್ಕ ಹಾಕುವ ಸಂಖ್ಯೆಗೆ, ಸೇರಿತು. ಲಾಟನ್ನು, ಅಂದರೆ ಮಾರಾಟಕ್ಕಿಟ್ಟ ಆ ಚೀಲದ ದಾಖಲೆಯನ್ನು, ಈ ಸಂಖ್ಯೆ ನೋಡಿಯೇ ಹುಡುಕುವ ಹ್ಯಾಶ್‌ಸೆಟ್‌ಗೆ ಹಾಕಿದಿರಿ. ಮರುತೂಕದಲ್ಲಿ 65 ಹೋಗಿ 64.5 ಆಯಿತು. ಈಗ ಕಂಟೇನ್ಸ್ ಕೇಳಿದರೆ 'ಇಲ್ಲ' ಅನ್ನುತ್ತದೆ, ರಿಮೂವ್ ಮಾಡಿದರೂ ಹೋಗುವುದಿಲ್ಲ. ಲೂಪ್ ಹಾಕಿ ನೋಡಿದರೆ ಅಲ್ಲೇ ಕೂತಿರುತ್ತದೆ ಮಾರಾಯ್ರೆ! ಒಳಗಿಟ್ಟಾಗಿನ ಹ್ಯಾಶ್ ಬೇರೆ, ಹುಡುಕುವಾಗಿನ ಹ್ಯಾಶ್ ಬೇರೆ. ಹಾಗಾಗಿ ಲಾಟಿಗೆ ಬದಲಾಗದ ಲಾಟ್ ನಂಬರ್ ಒಂದೇ ಸಾಕು. ದರದಂಥ ಬರಿಯ ಮೌಲ್ಯಕ್ಕೆ ಜಾವಾ 16ರಿಂದ ಬಂದ ರೆಕಾರ್ಡ್ ಬಳಸಿ, ಈಕ್ವಲ್ಸ್, ಹ್ಯಾಶ್‌ಕೋಡ್ ಎರಡೂ ಮೆಥಡ್ ತಾನಾಗಿ ಸಿಗುತ್ತವೆ.

ಆ ಲಾಟ್ ನಂಬರ್ ಇಂಟೀಜರ್ ಆಬ್ಜೆಕ್ಟ್ ಆಗಿದ್ದರೆ == ಹಾಕಬೇಡಿ, ಅದು ನೋಡುವುದು ಮೌಲ್ಯವನ್ನಲ್ಲ, ಎರಡೂ ಅದೇ ಆಬ್ಜೆಕ್ಟಾ ಅಂತ. -128ರಿಂದ 127ರ ವರೆಗಿನವನ್ನು ಜಾವಾ ಮೊದಲೇ ಮಾಡಿಟ್ಟು ಅವನ್ನೇ ಕೊಡುತ್ತದೆ, ಅಲ್ಲಿಯವರೆಗೆ == ಸರಿ ಅನ್ನುತ್ತದೆ. ಆಚೆ ಸಾಮಾನ್ಯವಾಗಿ ಪ್ರತಿ ಸಲ ಹೊಸ ಆಬ್ಜೆಕ್ಟ್. ಹತ್ತು ಲಾಟ್ ಹಾಕಿ ಟೆಸ್ಟ್ ಮಾಡಿದವರಿಗೆ ಗೊತ್ತೇ ಆಗುವುದಿಲ್ಲ. ಸುಗ್ಗಿ ಜೋರಾದ ಮೇಲೆ 128ಕ್ಕೆ ಫಜೀತಿ.

ದಶಾಂಶ ಸಂಖ್ಯೆ ಇಡುವ ಬಿಗ್‌ಡೆಸಿಮಲ್‌ನದು ಇನ್ನೊಂದು ತಕರಾರು: 64.5 ಮತ್ತು 64.50 ಈಕ್ವಲ್ಸ್‌ಗೆ ಬೇರೆ, ಕಂಪೇರ್‌ಟು ಕೊಡುವುದು 0, ಅಂದರೆ ಸಮ. ಹ್ಯಾಶ್‌ಸೆಟ್‌ನಲ್ಲಿ ಎರಡಾಗಿ ಉಳಿಯುತ್ತವೆ, ಕಂಪೇರ್‌ಟು ನೋಡುವ ಟ್ರೀಸೆಟ್‌ನಲ್ಲಿ ಒಂದೇ.

ಈಕ್ವಲ್ಸ್‌ನ ಪ್ಯಾರಾಮೀಟರಿಗೆ ಆಬ್ಜೆಕ್ಟ್ ಬಿಟ್ಟು ನಿಮ್ಮ ಕ್ಲಾಸಿನ ಹೆಸರು ಕೊಟ್ಟರೆ ಅದು ಬರೀ ಓವರ್‌ಲೋಡ್, ಅಂದರೆ ಅದೇ ಹೆಸರಿನ ಇನ್ನೊಂದು ಮೆಥಡ್, ಲಿಸ್ಟು ಸೆಟ್ಟು ಯಾವುದೂ ಅದನ್ನು ಕರೆಯುವುದಿಲ್ಲ. ಮೇಲೆ ಓವರ್‌ರೈಡ್ ಅನೊಟೇಶನ್ ಹಾಕಿಟ್ಟರೆ ಕಂಪೈಲರೇ ಹಿಡಿಯುತ್ತದೆ.

ಇಂಗ್ಲಿಷ್ ಪಾಠಗಳಲ್ಲಿ ಅಷ್ಟಾಗಿ ಬಾರದ, ನಮಗೇ ಹೆಚ್ಚು ಕಾಡುವ ವಿಷಯ ಊರಿನ ಹೆಸರು. ಅಂಕೋಲಾದ 'ಕೋ'ದಲ್ಲಿರುವ ಓತ್ವ ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇರಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಅಂತ ಮೂರು ತುಂಡಾಗಿಯೂ ಇರಬಹುದು. ಪರದೆ ಮೇಲೆ ಎರಡೂ ಅಂಕೋಲಾ. ಲೆಂಗ್ತ್ ಕೇಳಿ: ಒಂದು 6, ಇನ್ನೊಂದು 8. ಈಕ್ವಲ್ಸ್ ಸುಳ್ಳು ಅನ್ನದೆ ಇನ್ನೇನು ಅಂದೀತು? ಹೊನ್ನಾವರವೂ ಹೀಗೇ, 8 ಮತ್ತು 9. ಹೆಸರು ಒಳಗೆ ಬರುವಾಗಲೇ ನಾರ್ಮಲೈಜರ್ ಕ್ಲಾಸಿನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸಿದ ರೂಪಕ್ಕೆ, ತಂದು ಉಳಿಸಿ. ಹೋಲಿಸುವಾಗ ಮಾಡೋಣ ಅಂದರೆ ಎಲ್ಲೋ ಒಂದು ಕಡೆ ಮರೆತೇ ಹೋಗುತ್ತದೆ. ಒತ್ತಕ್ಷರ ಬಿಡಿಸಲು ಹಾಕುವ, ಕಣ್ಣಿಗೆ ಕಾಣದ ಜಾಯ್ನರ್ ಚಿಹ್ನೆಗಳನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಅವನ್ನು ತೆಗೆದ ಒಂದು ಪ್ರತಿಯನ್ನು ಹುಡುಕಾಟಕ್ಕೆ ಬೇರೆ ಇಟ್ಟುಕೊಳ್ಳಿ, ತೋರಿಸುವ ಹೆಸರಿನಿಂದ ತೆಗೆಯಬೇಡಿ, ಅಕ್ಷರ ಕೆಡುತ್ತದೆ.