ಮೊಲದ ಉಗುರಿಗೆ ಜಗಲಿಯೇ ಸಾಕು
ಲಂಡನ್ನಿನಲ್ಲಿ ಮೊಲದ ಉಗುರು ತೆಗೆಸಲು ಎಷ್ಟೋ ಜನ ಪಶುವೈದ್ಯರ ಕ್ಲಿನಿಕ್ಕಿಗೆ ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಳ್ಳುತ್ತಾರೆ. ತೀರ್ಥಹಳ್ಳಿ, ಹೊಸನಗರದ ಕಡೆ ಆ ಯೋಚನೆಯೇ ಇಲ್ಲ; ಹಿತ್ತಲಲ್ಲಿ ಮಣ್ಣು ಕೆದರುತ್ತದಲ್ಲ, ತಾನಾಗಿ ಸವೆಯುತ್ತದೆ ಅನ್ನುವ ಲೆಕ್ಕ. ಬೇಸಿಗೆಯಲ್ಲಿ ಆ ಲೆಕ್ಕ ಬಹುಮಟ್ಟಿಗೆ ಸರಿ. ಜಡಿಮಳೆ ಹಿಡಿದ ಮೇಲೆ ಮೊಲ ಗೂಡು ಬಿಟ್ಟು ಇಳಿಯುವುದೇ ಅಪರೂಪ. ಆಗ ಉಗುರು ಕೊಕ್ಕೆಯಾಗಿ, ತಂತಿಬಲೆಗೆ ಸಿಕ್ಕಿ, ಬುಡಸಮೇತ ಕಿತ್ತುಬರುವುದುಂಟು. 4ರಿಂದ 6 ವಾರಕ್ಕೊಮ್ಮೆ ನೋಡಲೇಬೇಕು.

ಹಾಗಂತ ಪೆಟ್ಟಿಗೆಗೆ ತುಂಬಿಕೊಂಡು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಬಸ್ಸು ಹತ್ತುವಂಥ ಕೆಲಸವಲ್ಲ ಇದು. ಜಗಲಿ ಸಾಕು, ಇಬ್ಬರು ಸಾಕು. ಕಿವಿ ಹಿಡಿದು ಎತ್ತುವ ನಮ್ಮೂರ ಚಾಳಿ ಮಾತ್ರ ಬಿಡಬೇಕು. ಹಿಂಗಾಲಿಗೆ ಆಸರೆಯಿಲ್ಲದೆ ಮೊಲ ಝಾಡಿಸಿ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ. ಇಲ್ಲಿಯ ಕೆಲವರ ತಪ್ಪು ಬೇರೆ ಥರದ್ದು: ಅಂಗಾತ ಮಲಗಿಸಿ, ಅದು ಮಿಸುಕದಿದ್ದರೆ ಹಾಯಾಗಿದೆ ಅಂದುಕೊಳ್ಳುತ್ತಾರೆ. ಹಾಯಲ್ಲ ಅದು, ನರಿಯ ಬಾಯಿಗೆ ಸಿಕ್ಕ ಮೊಲ ಮರಗಟ್ಟುವ ಹೆದರಿಕೆ.

ನೆಲದ ಮೇಲೇ ಕೂರಿಸಿ, ಹಳೇ ಟವೆಲ್ ಸುತ್ತಿ, ಒಂದು ಕಾಲು ಮಾತ್ರ ಹೊರಗೆ ತೆಗೆಯಿರಿ. ಕಂಬಳಿ ಬೇಡ, ಎಳೆಗೆ ಉಗುರು ತೊಡರುತ್ತದೆ. ಮುಂಗಾಲಿಗೆ 5, ಹಿಂಗಾಲಿಗೆ 4, ಒಟ್ಟು 18 ಉಗುರು. ಮುಂಗಾಲಿನ ಒಳಬದಿಯ ಐದನೆಯದು ಕೂದಲಲ್ಲಿ ಅಡಗಿರುತ್ತದೆ, ನಡೆಯುವಾಗ ನೆಲಕ್ಕೆ ತಾಗುವುದಿಲ್ಲ. ಮರೆತರೆ ಬಾಗಿ ಬೆಳೆದು ಚರ್ಮಕ್ಕೇ ಚುಚ್ಚೀತು.

ಬಿಳಿ ಉಗುರಿನೊಳಗೆ ರಕ್ತನಾಳ ಗುಲಾಬಿ ಗೆರೆಯಂತೆ ಕಾಣುತ್ತದೆ. ಅದರ ತುದಿಯಿಂದ 2–3 ಮಿ.ಮೀ. ಬಿಟ್ಟು ಕತ್ತರಿಸಿ. ಕಪ್ಪು ಉಗುರಾದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಬೇಕು. ಆಗಲೂ ಕಾಣದಿದ್ದರೆ ತುದಿಯ ಕೊಕ್ಕೆಯಷ್ಟನ್ನೇ ತೆಗೆಯಿರಿ. ನಮ್ಮ ನೇಲ್ ಕಟರ್ ಮೊಲದ ಉಗುರನ್ನು ಅಪ್ಪಚ್ಚಿ ಮಾಡಿ ಸೀಳಿಬಿಡುತ್ತದೆ. ಬೆಕ್ಕಿನ ಉಗುರಿಗೆಂದು ಮಾರುವ, ಅಲಗಿನಲ್ಲಿ ಅರ್ಧಚಂದ್ರದ ಕಚ್ಚಿರುವ ಸಣ್ಣ ಕತ್ತರಿಯೇ ಸರಿ. ಮೊಲ ಕೊಸರಾಡಿದರೆ ನಾಲ್ಕು ಉಗುರಿಗೆ ನಿಲ್ಲಿಸಿ, ಉಳಿದದ್ದು ನಾಳೆಗೆ.

ರಕ್ತ ಬಂದರೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಹಚ್ಚಿ, ಹತ್ತಿಯಿಂದ 2 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತುಹೋಗುತ್ತದೆ. ಅರಿಶಿನ ಮೆತ್ತಿದರೆ ರಕ್ತ ನಿಂತಿತೋ ಇಲ್ಲವೋ ತಿಳಿಯದು. ಎಲೆಯಡಿಕೆ ತಟ್ಟೆಯ ಸುಣ್ಣವಂತೂ ಬೇಡವೇ ಬೇಡ: ಗಾಯ ಸುಡುತ್ತದೆ, ಮೊಲ ಕಾಲು ನೆಕ್ಕಿ ಬಾಯಿಯನ್ನೂ ಸುಟ್ಟುಕೊಳ್ಳುತ್ತದೆ. 10 ನಿಮಿಷವಾದರೂ ನಿಲ್ಲದಿದ್ದರೆ ಡಾಕ್ಟರಲ್ಲಿಗೆ.

ತಿಂಗಳುಗಟ್ಟಲೆ ಬಿಟ್ಟ ಉಗುರಿನಲ್ಲಿ ರಕ್ತನಾಳವೂ ಉದ್ದವಾಗಿರುತ್ತದೆ. ಒಂದೇ ಸಲಕ್ಕೆ ಗಿಡ್ಡ ಮಾಡಲು ಹೋಗಬೇಡಿ. 10–15 ದಿನಕ್ಕೊಮ್ಮೆ ತುದಿ ತೆಗೆಯುತ್ತ ಬಂದರೆ ನಾಳ ಮೆಲ್ಲಗೆ ಹಿಂದೆ ಸರಿಯುತ್ತದೆ. ಮೇ ಮೊದಲ ವಾರ ಶುರು ಮಾಡಿದರೆ, ಮಳೆ ಹಿಡಿಯುವ ಹೊತ್ತಿಗೆ ಮೂರು ಸುತ್ತು ಮುಗಿದಿರುತ್ತದೆ.