‘ಮರುಮುದ್ರಣ ಮಾಡಿ’ ಅಂತ ಕೇಳುವ ಮೊದಲು

‘ಪ್ರತಿಗಳು ಮುಗಿದಿವೆ.’ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇಷ್ಟದ ಕಾದಂಬರಿಯೊಂದನ್ನು ಗೆಳತಿಗೆ ಕೊಡೋಣ ಅಂತ ಹುಡುಕಿದರೆ ಎಲ್ಲೂ ಇಲ್ಲ. ಇರುವ ಒಂದು ಪ್ರತಿಯನ್ನು ಕೊಟ್ಟರೆ ವಾಪಸ್ ಬರುತ್ತದೋ ಇಲ್ಲವೋ ಅಂತ ಭಯ.

ಅಂಥ ಒಂದು ಕಾದಂಬರಿಯನ್ನು ಮತ್ತೆ ಅಚ್ಚಿಗೆ ತರಲು ನಾವು ಕೆಲವು ಓದುಗರು ಒಂದೂವರೆ ವರ್ಷದಿಂದ ಓಡಾಡುತ್ತಿದ್ದೇವೆ. ಹೆಸರು ಈಗಲೇ ಹೇಳುವುದಿಲ್ಲ. ಒಪ್ಪಂದಕ್ಕೆ ಸಹಿ ಬೀಳುವ ತನಕ ಬೇಡ ಅಂತ ಲೇಖಕರ ಮನೆಯವರು ಕೇಳಿಕೊಂಡಿದ್ದಾರೆ. ಆದರೆ ಇಷ್ಟು ದಿನದ ಓಡಾಟದಲ್ಲಿ ಒಂದು ವಿಷಯ ಚೆನ್ನಾಗಿ ಅರ್ಥವಾಗಿದೆ. ಪ್ರಕಾಶಕರ ಹಿಂದೆ ಬಿದ್ದರೆ ಸಾಲದು. ಮೊದಲು ಪುಸ್ತಕವನ್ನು ಅಚ್ಚು ಹಾಕಿಸುವ ಹಕ್ಕು ಯಾರ ಹತ್ತಿರ ಇದೆ ಅಂತ ಪತ್ತೆ ಮಾಡಿ ಅವರ ಬಳಿ ಹೋಗಬೇಕು.

ನಾವು ಉಲ್ಟಾ ಮಾಡಿದೆವು. ಮೊದಲ ಆರು ತಿಂಗಳು ಸಹಿ ಸಂಗ್ರಹಿಸಿದೆವು, ಪತ್ರ ಬರೆದೆವು, ನೆಚ್ಚಿನ ಸಾಲುಗಳನ್ನು ಎಲ್ಲ ಕಡೆ ಹಂಚಿದೆವು. ಕೊನೆಗೆ ಹಳೆಯ ಪ್ರಕಾಶಕರು ಫೋನಿನಲ್ಲಿ ಹೇಳಿದ್ದಿಷ್ಟು: "ನನಗೂ ತರಬೇಕು ಅಂತ ಆಸೆ ಇದೆ ಕಣಮ್ಮಾ. ಆದ್ರೆ ನಮಗೆ ಲೇಖಕರು ಕೊಟ್ಟಿದ್ದು ಒಂದೇ ಮುದ್ರಣದ ಹಕ್ಕು. ಅವರು ತೀರಿಕೊಂಡ ಮೇಲೆ ಮನೆಯವರು ಎಲ್ಲಿದ್ದಾರೋ ಗೊತ್ತಿಲ್ಲ." ಆರು ತಿಂಗಳು ನಾವು ತಟ್ಟುತ್ತಿದ್ದ ಬಾಗಿಲ ಬೀಗದ ಕೈ ಅವರ ಹತ್ತಿರ ಇರಲೇ ಇಲ್ಲ.

ಈ ಹಕ್ಕಿನ ವಿಷಯ ನಮ್ಮಂಥ ಓದುಗರಿಗೆ ಜಾಸ್ತಿ ಗೊತ್ತಿರುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಲವು ಒಪ್ಪಂದ ಒಂದು ಮುದ್ರಣಕ್ಕೆ, ಕೆಲವು ಇಷ್ಟು ವರ್ಷಕ್ಕೆ ಅಂತ ಇರುತ್ತವೆ. ಇನ್ನು ಕೆಲವು, ಪುಸ್ತಕ ಮಾರಾಟಕ್ಕೆ ಇರುವಷ್ಟು ಕಾಲ ಹಕ್ಕು ಪ್ರಕಾಶಕರದ್ದೇ ಅನ್ನುತ್ತವೆ. ಹಿಂದೆ ಗೋದಾಮು ಖಾಲಿಯಾದರೆ ಹಕ್ಕು ವಾಪಸ್ ಕೇಳಬಹುದಿತ್ತು. ಈಗ ಆರ್ಡರ್ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕಿ ಕೊಡಬಹುದು, ಇ-ಬುಕ್ ಸುಮ್ನೆ ಒಂದು ಫೈಲಾಗಿ ಕೂತಿರಬಹುದು. ವರ್ಷಕ್ಕೆ ಮೂರು ಪ್ರತಿ ಹೋದರೂ ಪುಸ್ತಕ ‘ಲಭ್ಯವಿದೆ’ ಅಂತಲೇ ಲೆಕ್ಕ. ಹಾಗಾಗಿ, ವರ್ಷಕ್ಕೆ ಇಷ್ಟು ಪ್ರತಿಗಿಂತ ಕಡಿಮೆ ಮಾರಾಟವಾದರೆ ಹಕ್ಕು ನನಗೆ ವಾಪಸ್ ಅಂತ ಲೇಖಕರು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ನೀವು ಬರೆಯುವವರಾದರೆ ಇದನ್ನು ದಯವಿಟ್ಟು ನೆನಪಿಡಿ.

ಲೇಖಕರು ತೀರಿಕೊಂಡರೆ ಹಕ್ಕು ವಾರಸುದಾರರಿಗೆ ಅಥವಾ ಉಯಿಲಿನಲ್ಲಿ ಯಾರ ಹೆಸರಿದೆಯೋ ಅವರಿಗೆ ಹೋಗುತ್ತದೆ. ಕೃತಿಸ್ವಾಮ್ಯದ ಬಗ್ಗೆ ದೇಶದೇಶಗಳು ಮಾಡಿಕೊಂಡಿರುವ ಬರ್ನ್ ಒಪ್ಪಂದದ ಪ್ರಕಾರ ಲೇಖಕರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ ಹಕ್ಕು ಇರಲೇಬೇಕು. ಭಾರತದಲ್ಲಿ 60, ಯುರೋಪಿನ ಬಹಳಷ್ಟು ದೇಶಗಳಲ್ಲಿ 70. ಅಂದರೆ ಮೂವತ್ತು ವರ್ಷದ ಹಿಂದೆ ಹೋದವರ ಪುಸ್ತಕಕ್ಕೂ ಯಾರದೋ ಒಪ್ಪಿಗೆ ಬೇಕು. ನಾಲ್ಕು ಮಕ್ಕಳಿದ್ದು, ಅವರಲ್ಲಿ ಇಬ್ಬರ ನಡುವೆ ಮಾತುಕತೆ ಇಲ್ಲ ಅಂದರೆ ಕಾದಂಬರಿಯ ಕಥೆ ಅಲ್ಲಿಗೇ ನಿಂತಿತು.

ಓದುಗರಿಂದ ಏನಾಗುತ್ತೆ ಅಂತ ಕೇಳುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಅಮೆರಿಕದ ಹೆನ್ರಿ ರಾತ್ ಅವರ ಕಾದಂಬರಿ ‘ಕಾಲ್ ಇಟ್ ಸ್ಲೀಪ್’ 1934ರಲ್ಲಿ ಬಂದು ಮರೆತೇಹೋಗಿತ್ತು. 1956ರಲ್ಲಿ ಒಂದು ಪತ್ರಿಕೆ, ಅನ್ಯಾಯವಾಗಿ ಮೂಲೆಗೆ ಬಿದ್ದ ಪುಸ್ತಕ ಯಾವುದು ಅಂತ ವಿಮರ್ಶಕರನ್ನು ಕೇಳಿದಾಗ ಇಬ್ಬರು ಇದೇ ಹೆಸರು ಹೇಳಿದರು. 1964ರಲ್ಲಿ ಪೇಪರ್‌ಬ್ಯಾಕ್ ಬಂದ ಮೇಲೆ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಅಮೆರಿಕದ್ದೇ ಲೇಖಕಿ ಝೋರಾ ನೀಲ್ ಹರ್ಸ್ಟನ್ ಅವರ ಕಾದಂಬರಿ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ 1937ರದ್ದು. ಅವರು 1960ರಲ್ಲಿ ತೀರಿಕೊಂಡಾಗ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. 1970ರ ದಶಕದಲ್ಲಿ ಆ ಸಮಾಧಿಯನ್ನು ಹುಡುಕಿಕೊಂಡು ಹೋಗಿ ಕಲ್ಲು ನೆಡಿಸಿದವರು ಲೇಖಕಿ ಆಲಿಸ್ ವಾಕರ್. ಪುಸ್ತಕ ಸಿಗದೆ ಮೇಷ್ಟ್ರುಗಳು ಜೆರಾಕ್ಸ್ ಇಟ್ಟುಕೊಂಡು ಪಾಠ ಮಾಡುತ್ತಿದ್ದರು, ಮರುಮುದ್ರಣ ಮಾಡಿ ಅಂತ ಸಹಿ ಹಾಕಿದರು. 1978ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ರೆಸ್ ಮತ್ತೆ ತಂದಿತು.

ಹಾಗಂತ ಪಿಡಿಎಫ್ ಹಂಚುವುದನ್ನು ನಾನು ಒಪ್ಪುವುದಿಲ್ಲ. ಎಲ್ಲೂ ಸಿಗದ ಪುಸ್ತಕವನ್ನು ಯಾರೋ ಜೆರಾಕ್ಸ್ ಮಾಡಿ ಕಾಪಾಡಿಕೊಂಡರೆ ಅದು ಬೇರೆ. ಮನೆಯವರ ಜೊತೆ ಮಾತುಕತೆ ನಡೆಯುವಾಗ ಸ್ಕ್ಯಾನ್ ಮಾಡಿ ಗ್ರೂಪುಗಳಲ್ಲಿ ಬಿಟ್ಟರೆ ನಮ್ಮ ಕೈ ಕಟ್ಟಿ ಹಾಕಿದ ಹಾಗೆ. ನಾವು ಮಾತಾಡಿಸಿದ ಪ್ರಕಾಶಕರೆಲ್ಲ ಮೊದಲು ಕೇಳಿದ ಪ್ರಶ್ನೆಯೇ, "ಪಿಡಿಎಫ್ ಓಡಾಡ್ತಿದೆಯಲ್ಲ, ಇನ್ನು ಯಾರು ಕೊಳ್ತಾರೆ?"

ಕೊನೆಗೂ ಲೇಖಕರ ಮಗಳು ಸಿಕ್ಕರು. ಹಳೆಯ ಪ್ರತಿಯ ಅರ್ಪಣೆಯಲ್ಲಿದ್ದ ಹೆಸರು ಹಿಡಿದು, ಅವರಿವರನ್ನು ಕೇಳಿ, ತಿಂಗಳುಗಟ್ಟಲೆ ಹುಡುಕಿದ ಮೇಲೆ. ನಾನು ಫೋನ್ ಮಾಡಿ ವಿಷಯ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಅಪ್ಪನ ಪುಸ್ತಕ ಇನ್ನೂ ಓದೋರಿದ್ದಾರಾ?" ನನಗೆ ಗಂಟಲು ಕಟ್ಟಿತು. "ಇದ್ದೀವಿ ಮೇಡಂ, ತುಂಬಾ ಜನ ಇದ್ದೀವಿ" ಅಂದೆ. ಆರು ತಿಂಗಳು ಸಂಗ್ರಹಿಸಿದ ಸಹಿಗಳು ಆಗ ಕೆಲಸಕ್ಕೆ ಬಂದವು. ಅಷ್ಟನ್ನೂ ಅವರಿಗೆ ಕಳಿಸಿದೆ.

ಮರುದಿನ ಅವರೇ ಫೋನ್ ಮಾಡಿದರು. ಅಪ್ಪನ ಸ್ವಂತ ಪ್ರತಿ ಟ್ರಂಕಿನಲ್ಲಿದೆ, ಅದರ ತುಂಬ ಪೆನ್ಸಿಲಿನಲ್ಲಿ ತಿದ್ದಿದ್ದಾರೆ ಅಂದರು. ಹೋಗಿ ನೋಡಿದೆವು. ಬೆನ್ನು ಬಿಚ್ಚಿಹೋಗಿದೆ, ಹಾಳೆ ಮುಟ್ಟಿದರೆ ಅಂಚು ಉದುರುತ್ತದೆ. ಅಕ್ಷರ ತಪ್ಪು, ಬಿಟ್ಟುಹೋದ ಸಾಲು, ಒಂದು ಕಡೆ ಅದಲುಬದಲಾದ ಪಾತ್ರದ ಹೆಸರು, ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಸರಿ ಮಾಡಿಟ್ಟಿದ್ದಾರೆ. ಎರಡನೇ ಮುದ್ರಣ ಬಂದೇ ಬರುತ್ತದೆ ಅಂತ ಅವರು ನಂಬಿದ್ದರು, ಅಲ್ವಾ? ಸ್ಕ್ಯಾನ್ ಮಾಡಿ ಸುಮ್ನೆ ಅಚ್ಚು ಹಾಕಿದ್ದರೆ ಅಷ್ಟೂ ತಪ್ಪುಗಳು ಹಾಗೇ ಉಳಿಯುತ್ತಿದ್ದವು.

ಆ ಪ್ರತಿಯಲ್ಲಿ ಕೊನೆಯ ಅಧ್ಯಾಯದ ಕೊನೆಯ ವಾಕ್ಯವನ್ನು ಅವರು ಹೊಡೆದುಹಾಕಿದ್ದಾರೆ. ನಾವೆಲ್ಲ ಬಾಯಿಪಾಠ ಮಾಡಿಕೊಂಡಿರುವ ವಾಕ್ಯ ಅದು. ನಾನು ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡಿದ್ದೂ ಅದನ್ನೇ. ಈಗ ನಮ್ಮಲ್ಲೇ ಎರಡು ಪಂಗಡ. ಓದುಗರು ಪ್ರೀತಿಸಿದ ಸಾಲು, ತೆಗೆಯಬೇಡಿ ಅನ್ನುವವರು ಜಾಸ್ತಿ ಇದ್ದಾರೆ. ನನಗೆ ಹಾಗನಿಸುವುದಿಲ್ಲ. ಪೆನ್ಸಿಲ್ ಗೆರೆ ಒಂದೇ ಸಲಕ್ಕೆ ಎಳೆದದ್ದಲ್ಲ, ಒಮ್ಮೆ ಅಳಿಸಿ ಮತ್ತೆ ಎಳೆದಿದ್ದಾರೆ. ಯೋಚನೆ ಮಾಡಿಯೇ ಹೊಡೆದದ್ದು. ಹೊಸ ಮುದ್ರಣದಲ್ಲಿ ಆ ವಾಕ್ಯ ಇರಬಾರದು ಅಂತ ನಾನು ಮಗಳಿಗೂ ಹೇಳಿ ಬಂದಿದ್ದೇನೆ.