ಎಡಗಣ್ಣಿಗೆ ರೆಕಾರ್ಡ್ ಉಂಟಾ ಮಾಷೇ?

ನನಗೆ ಎಡಗಣ್ಣು ಇಲ್ಲವಂತೆ. ಬಲಗಣ್ಣೇ ಎರಡು ಇವೆಯಂತೆ. ಹೀಗೆ ಹೇಳಿದ್ದು ಕಣ್ಣಿನ ಡಾಕ್ಟರಲ್ಲ, ನನ್ನ ಆರೋಗ್ಯ ವಿಮೆಯ ಕಂಪನಿ. ಪ್ರೀಮಿಯಂ ಕಟ್ಟುವಾಗ ಎರಡೂ ಕಣ್ಣು ಸರಿಯಾಗಿ ಎಡ ಬಲದಲ್ಲೇ ಇದ್ದವು. ಕ್ಲೇಮ್ ಹಾಕಿದ ಕೂಡಲೇ ಜಾಗ ಬದಲಾಯಿಸಿವೆ.

ವಿಷಯ ಇಷ್ಟೇ. ಹೋದ ವರ್ಷ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆಸಿದ್ದೆ. ಈ ಸಲ ಮಳೆ ಬಿಟ್ಟ ಮೇಲೆ ಎಡಗಣ್ಣು. ಅದೇ ಆಸ್ಪತ್ರೆ, ಅದೇ ಡಾಕ್ಟರು. ಬಿಲ್ಲು ಮಾಡುವ ಪುಣ್ಯಾತ್ಮ ಹಳೆಯ ಬಿಲ್ಲನ್ನೇ ತೆರೆದು ತಾರೀಕು ಬದಲಿಸಿದ್ದಾನೆ. ಕಣ್ಣು ಬದಲಿಸಿಲ್ಲ. ‘ಎಲ್‌ಇ’ (ಲೆಫ್ಟ್ ಐ, ಎಡಗಣ್ಣು) ಇರಬೇಕಾದಲ್ಲಿ ‘ಆರ್‌ಇ’ (ರೈಟ್ ಐ, ಬಲಗಣ್ಣು) ಹಾಗೇ ಕೂತಿದೆ. ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ನೇರ ಕಟ್ಟುವುದಕ್ಕೆ ಕ್ಯಾಶ್‌ಲೆಸ್ ಅನ್ನುತ್ತಾರೆ. ಬಿಡುಗಡೆಯ ಹೊತ್ತಿಗೆ ಕ್ಯಾಶ್‌ಲೆಸ್ ಅರ್ಜಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು ಎಂದು 2024ರಲ್ಲಿ ನಿಯಮ ಬಂದಿದೆ. ಕೊಟ್ಟರು. ‘ಈ ಕಣ್ಣಿಗೆ ಈಗಾಗಲೇ ಆಪರೇಷನ್ ಆಗಿದೆ, ಹಣ ಕೊಡುವುದಿಲ್ಲ’ ಎಂದು ಸಮಯಕ್ಕೆ ಸರಿಯಾಗಿ ಕೊಟ್ಟರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೌಂಟರಿನ ಮುಂದೆ ನಿಂತು ಕೈಯಿಂದ ದುಡ್ಡು ಕಟ್ಟಿ ಬಂದೆ.

ಬಿಲ್ಲು ತಿದ್ದಿಸಿದರೆ ಮುಗಿಯಿತಲ್ಲ ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಅಂದುಕೊಂಡೆ. ಬಿಲ್ಲಿಂಗ್‌ನವರು, ‘ಒಮ್ಮೆ ಕ್ಲೋಸ್ ಆದ ಬಿಲ್ಲನ್ನು ಸಿಸ್ಟಂ ಮುಟ್ಟಲು ಬಿಡುವುದಿಲ್ಲ ಸರ್’ ಎಂದರು. ಬೇಕಾದರೆ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಳ್ಳಿ ಎಂದರು. ಚೀಟಿ ಸಿಕ್ಕಿತು, ಸೀಲೂ ಬಿತ್ತು. ಕಂಪನಿಗೆ ಫೋನು ಮಾಡಿದೆ. ನನ್ನದು ಗಡಿಯ ಆಚೆ, ಕಾಸರಗೋಡು ಜಿಲ್ಲೆಯ ಉಪ್ಪಳದ ನಂಬರ್. ಅದಕ್ಕೆ ಕರೆ ನೇರ ಕೇರಳದ ಡೆಸ್ಕಿಗೆ ಹೋಯಿತು. ಅವರು ‘ಆಸ್ಪತ್ರೆ ಕರ್ನಾಟಕದ್ದಲ್ವಾ’ ಎಂದು ಆಚೆ ದಾಟಿಸಿದರು. ಆಚೆಯವರು ‘ಪಾಲಿಸಿ ಕೇರಳದ್ದಲ್ವಾ’ ಎಂದು ಈಚೆ ದಾಟಿಸಿದರು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ಊರಿನವರಿಗೆ ಇದು ಅಭ್ಯಾಸ ಆಗಿದೆ, ಬಿಡಿ. ಆದರೆ ಆಗ ಕಾಯುವಾಗ ಕಿವಿಗೆ ಸಂಗೀತ ಹಾಕುತ್ತಿರಲಿಲ್ಲ.

ಕೊನೆಗೆ ಯಾರೋ ಒಬ್ಬಳು ಹುಡುಗಿ, ‘ಎಡಗಣ್ಣಿನ ಒಂದು ಫೋಟೋ ಕಳಿಸಿ ಸರ್’ ಎಂದಳು. ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ನಾನೇ ತೆಗೆದು ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ: ಫೋಟೋದಲ್ಲಿ ಕೆಂಪಾಗಿರುವುದು ಬಲಗಣ್ಣು. ಮಗ ಬೆಂಗಳೂರಿನಿಂದ ಫೋನಿನಲ್ಲೇ ನಕ್ಕ. ಆ ಕ್ಯಾಮೆರಾ ಕನ್ನಡಿಯ ಹಾಗೆ ಎಡ ಬಲ ತಿರುಗಿಸುತ್ತದಂತೆ. ‘ಅಂಗಿಯ ಕಿಸೆ ನೋಡಿ ಅಪ್ಪ, ಬಲಗಡೆ ಬಂದಿದೆ.’ ನಿಜ. ಎಡಗಡೆ ಇರುವ ಕಿಸೆ, ಅದರಲ್ಲಿದ್ದ ಪೆನ್ನಿನ ಸಮೇತ ಬಲಕ್ಕೆ ಹೋಗಿ ಕೂತಿತ್ತು.

ಕಿಸೆಯ ವಿಷಯ ಬರೆದು ಮೇಲ್ ಹಾಕಿದೆ. ಅದರ ಫಲವಾಗಿ ಒಂದು ಬೆಳಿಗ್ಗೆ ಬೈಕಿನಲ್ಲಿ ಒಬ್ಬ ಹುಡುಗ ಬಂದಿಳಿದ. ಕಾಞಂಗಾಡು ಕಡೆಯವನು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಫೈಲು. ಕಂಪನಿಯ ಪರವಾಗಿ ಪರಿಶೀಲನೆಗೆ ಬಂದವನು. ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಆದರೆ ಅವನಿಗೆ ಒಂದೇ ಒಂದು ಚಟ. ಏನು ಹೇಳಿದರೂ, ‘ಅದಕ್ಕೆ ರೆಕಾರ್ಡ್ ಉಂಟಾ ಮಾಷೇ?’ ಮಾಷೇ ಎಂದರೆ ಮಲಯಾಳದಲ್ಲಿ ಮೇಷ್ಟ್ರೇ ಎಂದು.

ಇದು ನನ್ನದೇ ಮನೆ ಎಂದೆ. ರೆಕಾರ್ಡ್ ಉಂಟಾ? ತೆರಿಗೆ ಕಟ್ಟಿದ ರಶೀದಿ ತೋರಿಸಿದೆ. ಇವಳು ನನ್ನ ಹೆಂಡತಿ ಎಂದೆ. ಅವನು ಬಾಯಿ ತೆರೆಯುವ ಮೊದಲೇ ನನ್ನವಳು, ‘ರೆಕಾರ್ಡ್ ಇಲ್ಲ, ಮೂವತ್ತು ಚಿಲ್ಲರೆ ವರ್ಷದ ಅನುಭವ ಉಂಟು, ಸಾಕಾ?’ ಎಂದಳು. ಅವನು ಅದನ್ನೂ ಬರೆದುಕೊಂಡಂತೆ ಕಂಡಿತು.

ಅಷ್ಟರಲ್ಲಿ ಚಹಾ ಬಂತು. ಮನೆಯಲ್ಲಿ ಆವತ್ತು ಸಕ್ಕರೆ ಮುಗಿದಿತ್ತು, ಹಾಗಾಗಿ ಸಪ್ಪೆ ಚಹಾ, ಪಕ್ಕದಲ್ಲಿ ಒಂದು ತುಂಡು ಬೆಲ್ಲ. ಒಂದು ಗುಟುಕು ಕುಡಿದವನು ಲೋಟ ಕೆಳಗಿಟ್ಟು ಪೆನ್ನು ಎತ್ತಿದ.

‘ಮಾಷೇ, ಮನೆಯಲ್ಲಿ ಸಕ್ಕರೆ ಹಾಕುವುದಿಲ್ವಾ? ಶುಗರ್ ಉಂಟಾ? ಪಾಲಿಸಿ ಮಾಡುವ ಮೊದಲೇ ಇತ್ತಾ?’

ಶುಗರ್ ಇಲ್ಲ ಮಾರಾಯಾ, ಸಕ್ಕರೆ ಇಲ್ಲ ಎಂದೆ. ಇಲ್ಲ ಎಂಬುದಕ್ಕೆ ರೆಕಾರ್ಡ್ ಉಂಟಾ? ಆಗ ನನ್ನೊಳಗಿನ ಮಾಷ್ಟ್ರು ಎದ್ದು ಕೂತರು. ‘ನೋಡಪ್ಪಾ, ಪಾಲಿಸಿ ಬಿಡದೆ ಐದು ವರ್ಷ ಕಟ್ಟಿದ ಮೇಲೆ ಹಳೆ ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂದು ನೀವು ತಕರಾರು ತೆಗೆಯುವ ಹಾಗಿಲ್ಲ. ಮೋಸ ಸಾಬೀತಾದರೆ ಮಾತ್ರ. ಮೊದಲು ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಸಿದ್ದಾರೆ. ನಾನು 2017ರಿಂದ ಕಟ್ಟುತ್ತಿದ್ದೇನೆ.’ ಹುಡುಗ ತಲೆಯಾಡಿಸಿದ. ನನ್ನವಳು ಒಳಗೆ ಹೋಗಿ ನೆರೆಮನೆಯಿಂದ ಸಕ್ಕರೆ ತರಿಸಿ, ಎರಡನೇ ಲೋಟಕ್ಕೆ ಚಮಚ ನಿಲ್ಲುವಷ್ಟು ಸುರಿದು ತಂದಿಟ್ಟಳು. ಪಾಪ, ಅದನ್ನೂ ಕುಡಿದ.

ಇನ್ನು ಮುಖ್ಯ ಕೆಲಸ. ನನ್ನನ್ನು ಜಗಲಿಯಲ್ಲಿ ಬೆಳಕಿಗೆ ಕೂರಿಸಿ, ಎದುರು ನಿಂತು, ಫಾರ್ಮಿನಲ್ಲಿ ಟಿಕ್ ಹಾಕಿದ. ಇಣುಕಿ ನೋಡುತ್ತೇನೆ, ಬಲ! ಅವನ ಬಲಗೈಯ ಕಡೆಗಿರುವುದು ನನ್ನ ಎಡಗಣ್ಣು ಎಂದು ತಿಳಿಸುವುದು ಒಂದನೇ ಕ್ಲಾಸಿನ ಮಕ್ಕಳಿಗೂ ಇಷ್ಟು ಕಷ್ಟ ಆಗಿರಲಿಲ್ಲ. ಅವನನ್ನು ನನ್ನ ಪಕ್ಕದಲ್ಲೇ, ನಾನು ನೋಡುವ ಕಡೆಗೇ ಮುಖ ಮಾಡಿ ಕೂರಿಸಿದೆ. ನಿನ್ನ ಎಡಗೈ ಎತ್ತು ಎಂದೆ. ಎತ್ತಿದ. ನಾನೂ ಎತ್ತಿದೆ. ಇಬ್ಬರೂ ಎಡಗೈಯಿಂದ ಅವರವರ ಎಡಗಣ್ಣು ಮುಚ್ಚಿಕೊಂಡೆವು. ಅದೇ ಹೊತ್ತಿಗೆ ಗೇಟಿನ ಹತ್ತಿರ ಹಾಲಿನವನು ಬಂದ. ಕೈಯೆತ್ತಿ ಕಣ್ಣು ಮುಚ್ಚಿ ಕೂತ ನಮ್ಮಿಬ್ಬರನ್ನು ನೋಡಿ, ಹಾಲು ಗೇಟಿನ ಮೇಲೇ ಇಟ್ಟು ಹೋದ. ಇವತ್ತಿಗೂ ಅವನು ಒಳಗೆ ಬರುವುದಿಲ್ಲ.

ಸಮಸ್ಯೆ ಬಗೆಹರಿದದ್ದು ಕಿಸೆಯಿಂದಲೂ ಅಲ್ಲ, ಕೈಯಿಂದಲೂ ಅಲ್ಲ. ಪೊರೆ ತೆಗೆದು ಒಳಗೆ ಇಡುವ ಲೆನ್ಸಿನ ಜೊತೆ ಒಂದು ಸಣ್ಣ ಸ್ಟಿಕ್ಕರ್ ಬರುತ್ತದೆ, ಪವರು, ಸೀರಿಯಲ್ ನಂಬರ್ ಎಲ್ಲ ಇರುತ್ತದೆ. ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿ ಕೊಡುತ್ತಾರೆ. ಹೋದ ವರ್ಷದ ಸ್ಟಿಕ್ಕರ್, ಈ ವರ್ಷದ ಸ್ಟಿಕ್ಕರ್, ಎರಡರ ನಂಬರೂ ಬೇರೆ. ಜೊತೆಗೆ ಡಾಕ್ಟರ ಚೀಟಿ. ಇದು ರೆಕಾರ್ಡ್ ಎಂದು ಹುಡುಗನ ಮುಖ ಅರಳಿತು. ಕಣ್ಣನ್ನು ಮತ್ತೆ ನೋಡಲೂ ಇಲ್ಲ.

ಹೋದ ವಾರ ದುಡ್ಡು ಬಂತು. ಪೂರ್ತಿ ಅಲ್ಲ. ನನ್ನ ಪಾಲಿಸಿಯಲ್ಲಿ ಒಂದೊಂದು ಕಣ್ಣಿಗೆ ಇಷ್ಟೇ ಎಂದು ಮಿತಿ ಇದೆ, ಅದು ಗೊತ್ತಿತ್ತು. ಅದರ ಮೇಲೆ ಕೈಗವಸು, ಕಪ್ಪು ಕನ್ನಡಕ, ನೀರಿನ ಬಾಟಲಿ ಎಂದು ಕತ್ತರಿ. ವಿಮೆಯಲ್ಲಿ ಕೊಡದ ಸಾಮಾನುಗಳ ಪಟ್ಟಿ ಎಂದೇ ಒಂದಿದೆ, 68 ಬಾಬತ್ತು. ತೆಗೆದು ಓದಿದೆ. ಮೊದಲನೆಯದೇ ಮಗುವಿನ ಆಹಾರ. ಸದ್ಯ, ನಾನು ಅದನ್ನು ಕೇಳಿರಲಿಲ್ಲ.

ಈಗ ನವೀಕರಣದ ಕಾಲ. ಬಿಡುವುದಾ, ಮುಂದುವರಿಸುವುದಾ? ಪಿಂಚಣಿಯಲ್ಲಿ ಕೇರಳ ಸರ್ಕಾರದ ನೌಕರರ, ಪಿಂಚಣಿದಾರರ ಆರೋಗ್ಯ ವಿಮೆ ಮೆಡಿಸೆಪ್‌ಗೆಂದು ಹಿಡಿಯುವುದು ಹೇಗೂ ಇದೆ. 2022ರ ಜುಲೈಯಲ್ಲಿ ತಿಂಗಳಿಗೆ 500 ರೂಪಾಯಿ, ವರ್ಷಕ್ಕೆ 3 ಲಕ್ಷದ ರಕ್ಷಣೆ ಎಂದು ಶುರುವಾದದ್ದು. ಬೇಕಾ ಬೇಡವಾ ಎಂದು ಯಾರೂ ಕೇಳುವುದಿಲ್ಲ, ಹಾಗಾಗಿ ತಲೆಬಿಸಿಯೂ ಇಲ್ಲ. ತಲೆಬಿಸಿ ಇರುವುದು ನಾವೇ ಆರಿಸಬೇಕಾದ ಕಡೆ. ಏಜೆಂಟ್ ಇರುವ ಪಾಲಿಸಿಯ ಮೇಲೊಂದು ಹೆಚ್ಚುವರಿ ಪಾಲಿಸಿ, ಸೂಪರ್ ಟಾಪ್‌ಅಪ್ ಅನ್ನುತ್ತಾನೆ. ಮಗ ಬೇರೆ ಕಂಪನಿಗೆ ಪೋರ್ಟ್ ಮಾಡಿ ಅನ್ನುತ್ತಾನೆ. ನನ್ನವಳು, ಆ ದುಡ್ಡನ್ನು ಬ್ಯಾಂಕಿನಲ್ಲಿಟ್ಟಿದ್ದರೆ ನಾಲ್ಕು ಕಣ್ಣು ಮಾಡಿಸಬಹುದಿತ್ತು ಅನ್ನುತ್ತಾಳೆ. 2025ರ ಸೆಪ್ಟೆಂಬರ್ 22ರಿಂದ ನಮ್ಮಂಥ ವೈಯಕ್ತಿಕ ಪಾಲಿಸಿಗಳ ಮೇಲಿನ 18 ಶೇಕಡಾ ಜಿಎಸ್‌ಟಿ ಹೋಯಿತು ಎಂದು ನಾನು ಸಮಾಧಾನ ಹೇಳಿದರೆ, ‘ಅದನ್ನು ಇನ್ನೊಂದು ಹೆಸರಿನಲ್ಲಿ ಹಾಕುತ್ತಾರೆ, ನೋಡುತ್ತಿರಿ’ ಅನ್ನುತ್ತಾಳೆ.

ನಮ್ಮ ಭಾವನಿಗೆ ಪಾಲಿಸಿಯೇ ಇಲ್ಲ. 65 ದಾಟಿದವರಿಗೂ ಹೊಸ ಪಾಲಿಸಿ ಸಿಗುತ್ತದೆ, 2024ರ ಏಪ್ರಿಲ್‌ನಿಂದ ಆ ಮಿತಿ ಇಲ್ಲ ಎಂದು ನಾನೇ ಹುರಿದುಂಬಿಸಿ ಕಳಿಸಿದೆ. ಸಂಜೆ ಸಪ್ಪೆ ಮುಖ ಹಾಕಿಕೊಂಡು ಬಂದ. ‘ಸಿಗುತ್ತದೆ ಭಾವ. ಪ್ರೀಮಿಯಂ ಎಷ್ಟು ಎಂದು ಕೇಳಿ ನನಗೆ ಬಿಪಿ ಬಂತು. ಈಗ ಅದನ್ನೂ ಫಾರ್ಮಿನಲ್ಲಿ ಬರೆಯಬೇಕಂತೆ.’

ಇಷ್ಟೆಲ್ಲ ಲೆಕ್ಕ ಹಾಕುವಾಗ ಒಂದು ಮಾತ್ರ ಯಾವ ಕಾಗದದಲ್ಲೂ ಬರುವುದಿಲ್ಲ. 2020ರ ಮಾರ್ಚ್ ಕೊನೆಗೆ, ಕೊರೊನಾ ಲಾಕ್‌ಡೌನಿನಲ್ಲಿ, ಕರ್ನಾಟಕದ ಕಡೆಯವರು ಗಡಿ ರಸ್ತೆಗಳಿಗೆ ಮಣ್ಣು ಸುರಿದರು. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳೂ ನಿಂತವು. ಮಂಗಳೂರಿನ ಡಾಕ್ಟರನ್ನೇ ನಂಬಿಕೊಂಡಿದ್ದ ನಮ್ಮ ಕಡೆಯ ಎಷ್ಟೋ ಜನರ ಪಾಲಿಗೆ ಒಂದು ಗಂಟೆಯ ದಾರಿ ಇಲ್ಲವೇ ಆಯಿತು. ಕೆಲವರು ವಾಪಸು ಬರುವಾಗಲೇ ತೀರಿಹೋದರು. ಅವರ ಮನೆಗಳಲ್ಲೂ ಪಾಲಿಸಿ ಇದ್ದಿರಬಹುದು. ನವೀಕರಣದ ನೋಟಿಸು ಬಂದಾಗಲೆಲ್ಲ ನನಗೆ ಅದು ನೆನಪಾಗುತ್ತದೆ, ಆಮೇಲೆ ಸುಮ್ನೆ ಕಟ್ಟಿಬಿಡುತ್ತೇನೆ. ಈ ಸಲವೂ ಕಟ್ಟಿದೆ.

ಕಟ್ಟಿದ ರಶೀದಿ ತೋರಿಸಿದಾಗ ನನ್ನವಳು ಅದನ್ನು ನೋಡಲಿಲ್ಲ. ಮೊಣಕಾಲು ತಿಕ್ಕಿಕೊಳ್ಳುತ್ತಾ ಕೂತಿದ್ದಳು. ಮಳೆಗಾಲದಿಂದಲೂ ನೋವು. ಡಾಕ್ಟರಿಗೆ ತೋರಿಸುವ ಎಂದರೆ ಕೇಳುವವಳಲ್ಲ. ಈ ಸಲ ತಾನಾಗಿಯೇ ಹೇಳಿದಳು:

‘ಮಾಡಿಸುವುದಾದರೆ ಎರಡು ಕಾಲೂ ಒಟ್ಟಿಗೆ ಮಾಡಿಸಿಬಿಡುವ. ಆ ಹುಡುಗನಿಗೆ ಇನ್ನೊಮ್ಮೆ ಚಹಾ ಮಾಡಿಕೊಡಲು ನನ್ನಿಂದಾಗುವುದಿಲ್ಲ.’